ಮೊದಲು ಎಲ್ಲಿದ್ದೀರಿ ಹೇಳಿ

ಪೊಲೀಸ್ ಗಾಡಿಗಳ ಮೈಮೇಲೆ ದಪ್ಪಕ್ಷರದಲ್ಲಿ ಕೂತು ಊರೆಲ್ಲ ಸುತ್ತುವ 112 ಕೊನೆಗೂ ಮಾತಿಗೆ ಸಿಕ್ಕಿತು. ಪಾಳಿ ಮುಗಿಸಿ ಬರ್ತೀನಿ ಅಂದಿತ್ತು. ಅದರ ಪಾಳಿ ಮುಗಿಯುವುದೇ ಇಲ್ಲ ಅನ್ನುವುದು ನನಗೆ ಆಮೇಲೆ ಹೊಳೆಯಿತು. ಹಾಗಾಗಿ ಫೋನಿನಲ್ಲೇ ಸಂದರ್ಶನ. (ಓದುಗರು ಇದನ್ನು ಅನುಕರಿಸಬಾರದು. ನಾನು ಡಯಲ್ ಮಾಡಿದ್ದು ಮಧ್ಯಾಹ್ನದ ಜೊಂಪಿನಲ್ಲಿ.)

112: ನಮಸ್ಕಾರ. ಎಲ್ಲಿಂದ ಮಾತಾಡ್ತಿದ್ದೀರಿ?

ನಾನು: ತುರ್ತು ಏನಿಲ್ಲ, ಸಂದರ್ಶನ ಅಂದಿದ್ನಲ್ಲ...

112: ಅದೇ ಸರ್, ಎಲ್ಲಿಂದ?

ನಾನು: ಮನೆಯಿಂದ.

112: 'ಮನೆಯಿಂದ.' ಬರ್ಕೊಂಡೆ. ಬಹಳ ಜನ ಇದನ್ನೇ ಹೇಳೋದು. ಮುಂದೆ ಕೇಳಿ.

ನಾನು: ತಮ್ಮ ಹುಟ್ಟೂರು?

112: ಯುರೋಪು. ಅಲ್ಲಿ ದೇಶಕ್ಕೊಂದು ನಂಬರ್ ಇತ್ತು, ಎಲ್ಲ ಕಡೆ ನಾನಿರಲಿ ಅಂತ 1991ರಲ್ಲಿ ತೀರ್ಮಾನಿಸಿದ್ರು. ಇಲ್ಲಿಗೆ ಕರೆಸಿಕೊಂಡಿದ್ದು 2012ರ ದೆಹಲಿ ಪ್ರಕರಣ ಆದಮೇಲೆ, ನಿರ್ಭಯಾ ನಿಧಿಯ ದುಡ್ಡಿನಲ್ಲಿ. 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದಲ್ಲಿ ಡ್ಯೂಟಿಗೆ ಸೇರಿದೆ. ಕರ್ನಾಟಕಕ್ಕೆ ಬಂದಿದ್ದು ಅದಾದಮೇಲೆ.

ನಾನು: ಇಲ್ಲಿ ಆಗಲೇ ತುಂಬಿದ ಕುಟುಂಬ ಇತ್ತಲ್ಲ?

112: ಇತ್ತಲ್ಲ! ಪೊಲೀಸಿಗೆ 100 ದೊಡ್ಡಪ್ಪ, ಬೆಂಕಿಗೆ 101 ಚಿಕ್ಕಪ್ಪ. 108 ಅಕ್ಕ 2008ರ ರಾಜ್ಯೋತ್ಸವದ ದಿನವೇ ಆಂಬುಲೆನ್ಸ್ ಹತ್ತಿದವಳು. ಮಕ್ಕಳಿಗೆ 1098, ಹೆಣ್ಣುಮಕ್ಕಳಿಗೆ 1091. ಇಷ್ಟೊಂದು ಯಾರು ನೆನಪಿಟ್ಕೊಳ್ತಾರೆ, ಇದೊಂದೇ ಸಾಕು ಅಂತ ನನ್ನನ್ನ ತಂದ್ರು. ಆದ್ರೆ ಸರ್ಕಾರಿ ಮನೆತನ ನೋಡಿ, ಯಾರೂ ರಿಟೈರ್ ಆಗ್ಲಿಲ್ಲ. ಶಾಲೆ ಗೋಡೆ ಮೇಲೆ ಬರೆಯೋಕೆ ಒಂದು ನಂಬರ್ ಜಾಸ್ತಿಯಾಯ್ತು.

ನಾನು: ಫೋನ್ ಎತ್ತಿದ ತಕ್ಷಣ ನಿಮಗೆ ಜಾಗ ಗೊತ್ತಾಗಿಬಿಡುತ್ತಂತೆ. ಸಿನಿಮಾದಲ್ಲಿ ಕೆಂಪು ಚುಕ್ಕೆ ಮಿಣಮಿಣ ಅನ್ನುತ್ತೆ.

112: ಚುಕ್ಕೆ ಸಿನಿಮಾದವರಿಗೆ. ನನಗೆ ಬಹಳ ಸಲ ಸಿಗೋದು ದೊಡ್ಡದೊಂದು ವೃತ್ತ. ಲಂಡನ್ನಿನ 999 ಅಜ್ಜಿ, 1937ರಲ್ಲಿ ಹುಟ್ಟಿದ್ದು, ಅದರ ಕಾಲವೇ ಚೆನ್ನಾಗಿತ್ತು. ಫೋನನ್ನು ಗೋಡೆಗೆ ಕಟ್ಟಿಹಾಕಿರ್ತಿದ್ರು. ತಂತಿ ಹಿಡ್ಕೊಂಡು ಹೋದ್ರೆ ಮನೆ. ಈಗ ಫೋನು ಮನುಷ್ಯನ ಜೊತೆ ಅಲೆಯುತ್ತೆ, ನನಗೆ ಕಾಣೋದು ಅದು ಹಿಡಿದ ಟವರ್. ಪೇಟೆಯಲ್ಲಿ ಟವರ್ ಒತ್ತೊತ್ತಾಗಿವೆ, ನಾಲ್ಕು ಬೀದಿ ಹುಡುಕಿದ್ರೆ ಸಾಕು. ಮಲೆನಾಡಲ್ಲಿ ಒಂದು ಟವರಿಗೆ ಎರಡು ಹೊಳೆ, ಮೂರು ಗುಡ್ಡ. ಹಳೇ ಜಿಎಸ್‌ಎಂ ಟವರ್ 35 ಕಿಲೋಮೀಟರ್‌ವರೆಗೂ ಕೈ ಚಾಚಬಲ್ಲದು. ಅಷ್ಟಗಲದ ವೃತ್ತ ಹಿಡ್ಕೊಂಡು ಯಾರ ಮನೆ ಬಾಗಿಲು ತಟ್ಟಲಿ? ಗಡಿಯಲ್ಲಂತೂ ಕೇಳಲೇಬೇಡಿ. ತಲಪಾಡಿಯಲ್ಲಿ ನಿಂತು ಒತ್ತಿದಾಗ ಫೋನು ಆಚೆಕಡೆಯ ಟವರ್ ಹಿಡಿದ್ರೆ, ಎತ್ತೋರು ಮಲಯಾಳದಲ್ಲಿ ವಿಚಾರಿಸ್ತಾರೆ.

ನಾನು: ಸಿಮ್ ಯಾರದ್ದು ಅಂತಾದ್ರೂ ಗೊತ್ತಾಗುತ್ತಲ್ಲ?

112: ಗೊತ್ತಾಗುತ್ತೆ. ನಿಮ್ಮ ಸಿಮ್ ಪ್ರಕಾರ ನೀವು ಹಾವೇರಿಯಲ್ಲಿರೋ ನಿಮ್ಮ ತಂದೆ.

ನಾನು: ಅವರು ಹೋಗಿ ಒಂಬತ್ತು ವರ್ಷ ಆಯ್ತು.

112: ಅವರಿಗೇನೂ ತುರ್ತಿಲ್ಲ ಅಂತ ಆಯ್ತು.

(ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಆ ಸಿಮ್ ನನ್ನ ಹೆಸರಿಗೆ ಮಾಡಿಸು ಅಂತ ಅಮ್ಮ ಹೇಳುತ್ತಲೇ ಇದ್ದಾಳೆ.)

ನಾನು: ಜಿಪಿಎಸ್ ಇದೆಯಲ್ಲ?

112: ಇದೆ. 2014ರಲ್ಲಿ ಬ್ರಿಟನ್ನಿನವರು ಒಳ್ಳೇ ಉಪಾಯ ಶುರು ಮಾಡಿದ್ರು. ತುರ್ತು ನಂಬರ್ ಒತ್ತಿದ್ರೆ ಸಾಕು, ಫೋನು ತಾನೇ ಜಿಪಿಎಸ್ ಆನ್ ಮಾಡಿಕೊಂಡು, ಇರೋ ಜಾಗವನ್ನ ಸದ್ದಿಲ್ಲದೆ ಮೆಸೇಜ್ ಮಾಡಿಬಿಡುತ್ತೆ. ಆದ್ರೆ ಫೋನ್ ತಯಾರಿಸೋರು, ಸಿಮ್ ಕಂಪನಿ, ಕಂಟ್ರೋಲ್ ರೂಮು ಮೂರೂ ಕಡೆಯವರು ಒಪ್ಪಿ ಕೂತ ಊರಲ್ಲಿ ಮಾತ್ರ ಇದು ನಡೆಯೋದು. ನಮ್ಮಲ್ಲಿ 2016ರಲ್ಲಿ ಒಂದು ನಿಯಮ ಬಂತು, ಬಟನ್ ಫೋನಾದ್ರೆ 5 ಅಥವಾ 9 ಒತ್ತಿ ಹಿಡಿದ್ರೆ ನನಗೆ ಕರೆ ಬರಬೇಕು ಅಂತ. ತಾತನ ಜೇಬಿನಲ್ಲಿ ಸುಣ್ಣದ ಡಬ್ಬಿಗೂ 5ಕ್ಕೂ ಅದೇನು ಸ್ನೇಹವೋ! ಎತ್ತಿ "ಹಲೋ" ಅಂದ್ರೆ ಎಲೆ ಅಡಿಕೆ ಜಗಿಯೋ ಸದ್ದು.

ನಾನು: ಅಂದ್ರೆ ಜಿಪಿಎಸ್ ಸರಿಯಾಗಿ ಬಂದ್ರೆ ನಿಮ್ಮ ಕಷ್ಟ ಮುಗೀತು.

112: ಹೀಗೆ ಇಟ್ಕೊಳ್ಳಿ ಸರ್. ಶರಾವತಿ ಹಿನ್ನೀರಿನ ಆಚೆ ಒಂದು ಅಡಿಕೆ ತೋಟ. ಮಳೆ ಹೊಳವಾದಾಗ ಕೊಳೆ ಔಷಧಿ ಹೊಡೆಯೋಕೆ ಮರ ಹತ್ತಿದವನು ಕೆಳಗೆ ಬಿದ್ದಿದ್ದಾನೆ. ಮನೇಲಿ ರೇಂಜ್ ಇಲ್ಲ. ಹುಡುಗ ಉಂಬಳ ಕಿತ್ತೆಸೀತಾ ಗುಡ್ಡ ಹತ್ತಿ, ಊರವರೆಲ್ಲ ಫೋನ್ ಮಾಡೋಕೆ ಹತ್ತಿ ಹತ್ತಿ ನುಣ್ಣಗೆ ಮಾಡಿರೋ ಬಂಡೆ ಮೇಲೆ ನಿಂತು ನನಗೆ ಒತ್ತುತ್ತಾನೆ. "ಬೇಗ ಬನ್ನಿ" ಅಂತಾನೆ, ಲೈನ್ ಕಟ್. ಜಿಪಿಎಸ್ ಆ ಬಂಡೆಯನ್ನ ಗೇಣು ತಪ್ಪದಂತೆ ತೋರಿಸುತ್ತೆ. ಗಾಡಿ ಬಂಡೆ ಹತ್ರ ಹೋಗುತ್ತೆ. ಬಂಡೆಗೆ ಏನೂ ಆಗಿರಲ್ಲ.

ನಾನು: ...

112: ಫೋನ್ ಎಲ್ಲಿದೆ ಅಂತ ಯಂತ್ರ ಹೇಳುತ್ತೆ. ಬಿದ್ದೋನು ಎಲ್ಲಿದ್ದಾನೆ ಅಂತ ಹುಡುಗನೇ ಹೇಳಬೇಕು. ಅಳ್ತಾ ಇರೋನ ಹತ್ರ ತೋಟದ ದಾರಿ ಕೇಳೋದಿದೆಯಲ್ಲ, ಕಂಟ್ರೋಲ್ ರೂಮಲ್ಲಿ ಫೋನ್ ಎತ್ತೋ ಹೆಣ್ಣುಮಗಳ ಕೆಲಸ, ಅದು ಯಾವ ಸಾಫ್ಟ್‌ವೇರಿಗೂ ಬರೋದಿಲ್ಲ. ಇನ್ನು ವಿದೇಶದಲ್ಲಿರೋ ಮಕ್ಕಳು! ಶಿವಮೊಗ್ಗದಲ್ಲಿ ಅಮ್ಮ ಫೋನ್ ಎತ್ತಲಿಲ್ಲ ಅಂತ ಜರ್ಮನಿಯಲ್ಲಿ ಕೂತು 112 ಒತ್ತಿದ್ರೆ ನಾನೇ ಎತ್ತೋದು, ಆದ್ರೆ ಜರ್ಮನ್ನಿನಲ್ಲಿ. ಅಲ್ಲಿ ನಾನು ಬೆಂಕಿ ಮತ್ತು ಆಂಬುಲೆನ್ಸ್ ಡ್ಯೂಟಿ. ಶಿವಮೊಗ್ಗಕ್ಕೆ ಏಣಿ ಗಾಡಿ ಕಳಿಸೋದು ಹೇಗೆ?

ನಾನು: ನಮ್ಮ ಬೆಂಗಳೂರು ವಾಸಿ. ಮೇನು, ಕ್ರಾಸು, ಎಲ್ಲಕ್ಕೂ ನಂಬರ್ ಇದೆ.

112: ನಂಬರಿಗೇನು ಬರ! ಪ್ರತಿ ಬಡಾವಣೆಯಲ್ಲೂ ಒಂದೊಂದು 5ನೇ ಕ್ರಾಸ್ ಇದೆ. ಅದಿರ್ಲಿ ಸರ್, ಇಷ್ಟು ಹೊತ್ತಾಯ್ತು, ನೀವು ಎಲ್ಲಿದ್ದೀರಿ ಅಂತ ಇನ್ನೂ ಹೇಳ್ಲಿಲ್ಲ.

ನಾನು: ನಮ್ಮನೆ ಹುಡುಕೋದು ಬಹಳ ಸುಲಭ. ಗಣಪತಿ ಗುಡಿ ಪಕ್ಕದ ರಸ್ತೆ.

112: ಯಾವ ಗಣಪತಿ ಗುಡಿ?