ಕಾರೊಳಗಿನ ಮುಂಗಾರು

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಅದರೊಳಗೆ ಸುರಿಯುವ ಮಳೆ ಮಾತ್ರ ಮಲೆನಾಡಿನಲ್ಲಿ ಇನ್ನೂ ನಿಂತಿಲ್ಲ. ಜೂನ್ ಬಂತೆಂದರೆ ತೀರ್ಥಹಳ್ಳಿ ಕಡೆಯ ಹಳೇ ಕಾರುಗಳಲ್ಲಿ ಒಳಗೂ ಕೊಡೆ ಬಿಡಿಸುವುದೊಂದು ಬಾಕಿ.

ನೀರು ಕಂಡೊಡನೆ ಎಲ್ಲರೂ ಬೈಯುವುದು ಬಾಗಿಲಿನ ರಬ್ಬರನ್ನು. ಪಾಪ, ತಪ್ಪೆಲ್ಲ ಅದರದಲ್ಲ. ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರಿಳಿಯುವುದು ಸಹಜ. ಅದು ಹೊರಹೋಗಲೆಂದೇ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅಲ್ಲಿ ಕೆಮ್ಮಣ್ಣು ಕೂತರೆ ಬಾಗಿಲು ಗಿಂಡಿಯಂತೆ ತುಂಬಿ, ಪ್ರತಿ ತಿರುವಿನಲ್ಲೂ ಗುಳುಗುಳು ಎನ್ನುತ್ತದೆ. ಪೊರಕೆ ಕಡ್ಡಿ ತೂರಿಸಿದರೆ ಅರ್ಧ ರಿಪೇರಿ ಮುಗಿಯಿತು. ವೈಪರ್ ಕೆಳಗಿನ ಜಾಲರಿಯ ಎಲೆಕಸವನ್ನೂ ತೆಗೆಯಿರಿ.

ರಬ್ಬರಿನ ಮೇಲೇ ಅನುಮಾನವೇ? ಬಾಗಿಲಿಗೂ ಚೌಕಟ್ಟಿಗೂ ನಡುವೆ ಹತ್ತು ರೂಪಾಯಿ ನೋಟಿಟ್ಟು, ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ; ಹರಿದು ಬಂದರೆ ನೋಟು ಹೋಗಿದೆ.

ಇನ್ನು ಜೋತುಬಿದ್ದ ಬಾಗಿಲು. ದಡಾರನೆ ಬಡಿದರೆ ಪಕ್ಕದ ಮನೆಯವರು ಏಳುತ್ತಾರೆಯೇ ಹೊರತು ಬಾಗಿಲು ಕೂರುವುದಿಲ್ಲ. ತೆರೆದ ಬಾಗಿಲಿನ ತುದಿ ಹಿಡಿದು ಮೇಲಕ್ಕೆತ್ತಿ ನೋಡಿ: ಲಟಲಟ ಅಲ್ಲಾಡಿದರೆ ಹಿಂಜಿನ ಪಿನ್ನು ಸವೆದಿದೆ. ಅದನ್ನು ಬಿಟ್ಟು ಹೊಸ ರಬ್ಬರ್ ಹಾಕಿಸಿದರೆ ದುಡ್ಡು ಅಕ್ಷರಶಃ ನೀರುಪಾಲು. ಮೊದಲು ಪಿನ್ನು ಬದಲಿಸಿ, ಮಹರಾಯರೇ, ರಬ್ಬರ್ ಆಮೇಲೆ.