ಸ್ಟಕ್ಕಾದ ಧಾತು: ಬೆಳ್ಳಂದೂರು ವ್ಯಾಕರಣದ ಒಂದು ಪ್ರಕರಣ

ಸಿಲ್ಕ್ ಬೋರ್ಡ್ ಜಂಕ್ಷನ್ನಿಗೂ ಇಬ್ಬಲೂರು ಸಿಗ್ನಲ್ಲಿಗೂ ನಡುವೆ ಬಂಪರಿಗೆ ಬಂಪರ್ ತಾಗಿಸಿ ನಿಂತಿರುವ ಸಮಸ್ತ ಕ್ಯಾಬ್ ಚಾಲಕರಿಗೂ 500ಡಿ ಬಸ್ಸಿನ ಕಂಡಕ್ಟರುಗಳಿಗೂ ನಮಸ್ಕರಿಸಿ ಈ ಶಾಸ್ತ್ರವನ್ನು ಆರಂಭಿಸುತ್ತೇವೆ. ನಿಂತಲ್ಲೇ ಬರೆದದ್ದರಿಂದ ಗ್ರಂಥರಚನೆಗೆ ಸಮಯದ ಅಭಾವವಾಗಲಿಲ್ಲ.

ಇಂಗ್ಲಿಷಿನ ಭೂತಕಾಲದ ಕ್ರಿಯಾಪದಗಳು ಬೆಳ್ಳಂದೂರಿಗೆ ಬಂದ ಮೇಲೆ ಯಾವ ಕ್ರಿಯಾಪದದ ಜೊತೆ ಸಂಸಾರ ಹೂಡುತ್ತವೆ, ಯಾವ ಪ್ರಿಪೊಸಿಷನ್ನನ್ನು ಮನೆಗೆ ಕರೆದು ತರುತ್ತವೆ ಎಂಬುದು ಇಲ್ಲಿನ ವಿಷಯ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಚರ್ಚಿಸಲಿಲ್ಲ. 1604ರಲ್ಲಿ ‘ಶಬ್ದಾನುಶಾಸನ’ ಮುಗಿಸಿದ ಭಟ್ಟಾಕಳಂಕನೂ ಚರ್ಚಿಸಲಿಲ್ಲ. ಆಗಿನ್ನೂ ಔಟರ್ ರಿಂಗ್ ರೋಡ್ ಇರಲಿಲ್ಲವಾದ್ದರಿಂದ ಅವರನ್ನು ದೂರುವಂತಿಲ್ಲ.

ಸೂತ್ರ: ಸ್ಟಕ್ಕಿಗೆ ‘ಆಗು’ ನಿತ್ಯಂ.

ವೃತ್ತಿ: ಸ್ಟಿಕ್ ಎಂಬ ಇಂಗ್ಲಿಷ್ ಧಾತುವಿನ ಭೂತರೂಪ ಸ್ಟಕ್. ಮೂಲಧಾತು ಮಾರತ್ತಹಳ್ಳಿ ದಾಟಿ ಈಚೆಗೆ ಬರಲೇ ಇಲ್ಲ. ಭೂತರೂಪ ಮಾತ್ರ ಬಂದು ಇಲ್ಲೇ ನೆಲೆಸಿತು. ಉದಾಹರಣೆಗೆ, ಹೆಂಡತಿ “ಎಲ್ಲಿದೀರಾ?” ಎಂದಾಗ ಗಂಡ “ಇಕೋಸ್ಪೇಸ್ ಹತ್ರ ಸ್ಟಕ್ಕಾಗ್ಬಿಟ್ಟಿದೀನಿ ಕಣೇ” ಎನ್ನುತ್ತಾನೆ. ಬಿಡಿಸಿ ನೋಡಿ: ಸ್ಟಕ್, ಆಗಿ, ಬಿಟ್ಟು, ಇದ್ದೇನೆ. ಮೊದಲ ಮೂರೂ ಮುಗಿದುಹೋದ ಕ್ರಿಯೆಗಳು, ಕೊನೆಯದೊಂದೇ ವರ್ತಮಾನ. ಮೂರು ಭೂತಗಳು ಹಿಂದಿನಿಂದ ಹಾರನ್ ಹೊಡೆದರೂ ಮುಂದಿನ ವರ್ತಮಾನ ಒಂದಡಿ ಕದಲುವುದಿಲ್ಲ. ‘ಬಿಡು’ ಧಾತು ವಾಕ್ಯದಲ್ಲಿದೆ, ದಾರಿ ಬಿಡುವವರು ರಸ್ತೆಯಲ್ಲಿಲ್ಲ ಎಂಬುದನ್ನೂ ವಿದ್ವಾಂಸರು ಗಮನಿಸಬೇಕು.

ಇದರಲ್ಲಿ ಅಕ್ರಮವೇನೂ ಇಲ್ಲ. ಎದ್ದು, ಮಿಂದು, ಉಂಡು, ಹೊರಟು ಎಂದು ಕೃದಂತಗಳನ್ನು ಸಾಲಾಗಿ ನಿಲ್ಲಿಸಿ, ಕಾಲ ಯಾವುದೆಂದು ಹೇಳುವ ಹೊಣೆಯನ್ನು ಕೊನೆಯ ಕ್ರಿಯಾಪದದ ತಲೆಗೆ ಕಟ್ಟುವುದು ಕನ್ನಡದ ಹಳೆಯ ರೂಢಿ. ಸ್ಟಕ್, ಫೆಡ್ ಅಪ್, ಟೈರ್ಡ್ ಮೊದಲಾದವು ಬಂದು ಅದೇ ಸಾಲಿನ ತಲೆಯಲ್ಲಿ ನಿಂತವು. ನಿಲ್ಲಲು ಅವಕ್ಕೆ ಬೇರೆ ಜಾಗವೂ ಇರಲಿಲ್ಲ.

ಪೂರ್ವಪಕ್ಷ: ಪರಭಾಷೆಯ ಪದಕ್ಕೆ ಕನ್ನಡ ಪದ ಜೋಡಿಸಿದರೆ ಅರಿಸಮಾಸವಲ್ಲವೇ? ಉತ್ತರ: ಕ್ರಿಯಾಸಮಾಸಕ್ಕೆ ಅರಿಸಮಾಸದ ದೋಷ ತಟ್ಟುವುದಿಲ್ಲವೆಂದು ಶಾಲೆಯ ವ್ಯಾಕರಣ ಪುಸ್ತಕವೇ ಹೇಳುತ್ತದೆ. ಸಂಸ್ಕೃತಕ್ಕೆಂದು ತೆರೆದಿಟ್ಟಿದ್ದ ಆ ಗೇಟಿನಲ್ಲಿ ಇಂಗ್ಲಿಷ್ ಐಡಿ ಕಾರ್ಡ್ ತೋರಿಸದೆ ಒಳಗೆ ಬಂತು. ಒಂದು ವ್ಯತ್ಯಾಸ ಮಾತ್ರ ಉಂಟು. ಸಂಸ್ಕೃತದ ಧಾತುಗಳಿಗೆ ‘ಇಸು’ ಹಚ್ಚಿ ಭಾವಿಸು, ರಕ್ಷಿಸು ಎಂದು ನಮ್ಮವರನ್ನಾಗಿ ಮಾಡಿಕೊಂಡೆವು. ಇಂಗ್ಲಿಷಿನವರಲ್ಲಿ ಆ ಭಾಗ್ಯ ಸಿಕ್ಕಿದ್ದು ಕ್ಲಿಕ್ಕಿಸು ಮುಂತಾದ ಕೆಲವರಿಗೆ. ಉಳಿದವರೆಲ್ಲ ‘ಮಾಡು’, ‘ಆಗು’ಗಳ ಕೈಕೆಳಗೆ ಕಾಂಟ್ರ್ಯಾಕ್ಟಿನ ಮೇಲೆ ದುಡಿಯುತ್ತಿದ್ದಾರೆ.

ಸೂತ್ರ: ಡಕಾರದ ಲೋಪ ವಿಕಲ್ಪದಿಂದ.

ವೃತ್ತಿ: ‘ಸ್ವಿಚ್ಡ್ ಆಫ್’ ಎಂಬಲ್ಲಿ ಡಕಾರ ಬಿದ್ದುಹೋಗಿ ‘ಸ್ವಿಚ್ಚಾಫ್’ ಆಗುತ್ತದೆ. ‘ರಿಟೈರ್ಡಾದ್ರು’, ‘ಎಕ್ಸ್‌ಪೈರ್ಡಾದ್ರು’ ಎಂಬಲ್ಲಿ ಬೀಳುವುದಿಲ್ಲ. ಕಾರಣ ಸೂಕ್ಷ್ಮವಾದುದು. ಇಂಗ್ಲಿಷಿನ ಭೂತಕಾಲಕ್ಕೆ ಡ್, ಕನ್ನಡದ ಭೂತಕಾಲಕ್ಕೆ ದ. ರಿಟೈರ್ಡಾದ್ರು ಎಂದಾಗ ಎರಡೂ ಕೂಡಿ ಮನುಷ್ಯ ಎರಡೆರಡು ಸಲ ನಿವೃತ್ತನಾಗುತ್ತಾನೆ, ಮತ್ತೆ ಕನ್ಸಲ್ಟೆಂಟಾಗಿ ಬಂದು ಕೂರದಂತೆ. ಈ ಡ–ದ ಸಾಮ್ಯದಿಂದ ಎರಡೂ ಭಾಷೆ ಅಕ್ಕತಂಗಿಯರೆಂದು ಸಾಧಿಸಬಹುದಿತ್ತು. ಆದರೆ ಅಷ್ಟರಲ್ಲಿ ಸಿಗ್ನಲ್ ಬಿಟ್ಟಿತು.

‘ಡಿಡಂಟ್ ಕೇಮ್’ ಎಂಬ ಪ್ರಯೋಗವನ್ನು ತಪ್ಪೆಂದು ನಗುವವರಿದ್ದಾರೆ. ಅವರು ಕನ್ನಡವನ್ನು ಸರಿಯಾಗಿ ಓದಿಲ್ಲ. ‘ಬರಲಿಲ್ಲ’ ಎಂಬಲ್ಲಿ ನಾವೂ ಇಂಗ್ಲಿಷರ ಹಾಗೆ ಭೂತರೂಪವನ್ನು ಕೈಬಿಡುತ್ತೇವೆ. ‘ಬಂದಿಲ್ಲ’ ಎಂಬಲ್ಲಿ ಇಟ್ಟುಕೊಳ್ಳುತ್ತೇವೆ. ‘ಡಿಡಂಟ್ ಕಮ್’ ಬರಲಿಲ್ಲದ ಮಗು, ‘ಡಿಡಂಟ್ ಕೇಮ್’ ಬಂದಿಲ್ಲದ ಮಗು. ಇಬ್ಬರಿಗೂ ಆಸ್ತಿಯಲ್ಲಿ ಸಮಪಾಲು ಸಲ್ಲಬೇಕು.

ಇನ್ನು ಪ್ರಿಪೊಸಿಷನ್ನುಗಳು. ಇವು ಒಂದೇ ಬಸ್ಸಿನಲ್ಲಿ ಬಂದವಲ್ಲ. ‘ಔಟ್’ ಬೀದಿಯ ಕ್ರಿಕೆಟ್ಟಿನಿಂದ ಬಂತು. ‘ಆನ್’, ‘ಆಫ್’ ಕರೆಂಟಿನ ತಂತಿಯಲ್ಲಿ ಬಂದಿರಬೇಕು; ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಬೆಳಗಿದ್ದು 1905ರಲ್ಲಿ. ‘ಇನ್’, ‘ಅಪ್’, ‘ಡೌನ್’ ಕಂಪ್ಯೂಟರಿನ ಬೆನ್ನೇರಿ ಬಂದು ಲಾಗಿನ್ ಆಗು, ಸೈನಪ್ ಆಗು, ಸರ್ವರ್ ಡೌನ್ ಆಗಿದೆ ಎಂಬಲ್ಲಿ ಕೂತವು. ಪೀಣ್ಯದ ಶೆಡ್ಡುಗಳಲ್ಲಿ ಇದಕ್ಕೂ ಮೊದಲೇ ‘ಮಿಷಿನ್ ಬ್ರೇಕ್‌ಡೌನ್ ಆಗಿದೆ’ ಪ್ರಚಾರದಲ್ಲಿತ್ತೆಂದು ಪಶ್ಚಿಮದ ಪಂಡಿತರು ವಾದಿಸುತ್ತಾರೆ. ಅವರು ಹಿರಿಯರು, ಒಪ್ಪಿಕೊಳ್ಳೋಣ.

ಇಷ್ಟೆಲ್ಲ ಬಂದರೂ ಬಾರದೆ ಉಳಿದದ್ದು ‘ಬೈ’. ಇಂಗ್ಲಿಷಿನ ಭೂತಕೃದಂತದ ಬೆನ್ನಿಗೆ ‘ಬೈ’ ಬಂದರೆ ಕೆಲಸ ಮಾಡಿದವನ ಹೆಸರು ಹೇಳಲೇಬೇಕು. ಅದಕ್ಕೇ ಅದನ್ನು ಟೋಲಿನಲ್ಲೇ ತಡೆದರು. ಒಂದೇ ಒಂದು ರೂಪದಲ್ಲಿ ಅದಕ್ಕೆ ಪ್ರವೇಶವುಂಟು: “ಸರ್, ಬೈ ಮಿಸ್ಟೇಕ್ ಡೇಟಾಬೇಸ್ ಡಿಲೀಟ್ ಆಗೋಯ್ತು.” ಇಲ್ಲಿ ಕರ್ತೃ ಶ್ರೀಮಾನ್ ಮಿಸ್ಟೇಕ್. ಆತ ಎಲ್ಲ ಟೀಮಿನಲ್ಲೂ ಇದ್ದಾನೆ, ಯಾರ ಪೇರೋಲಿನಲ್ಲೂ ಇಲ್ಲ.

ಸೂತ್ರ: ಕೀರ್ತಿಯಲ್ಲಿ ಮಾಡು, ಅಪಕೀರ್ತಿಯಲ್ಲಿ ಆಗು, ದಿಕ್ಕು ತೋಚದಲ್ಲಿ ಬರು.

ವೃತ್ತಿ: ಇದು ಈ ಶಾಸ್ತ್ರದ ಹೃದಯ. “ಅವನ ಫೋನ್ ಸ್ವಿಚ್ಚಾಫ್ ಬರ್ತಿದೆ” ಎಂಬಲ್ಲಿ ಆಫ್ ಮಾಡಿದವರೂ ಇಲ್ಲ, ಆದದ್ದೂ ಇಲ್ಲ. ಎಲ್ಲಿಂದಲೋ ಒಬ್ಬ ಹೆಂಗಸಿನ ದನಿ ಬರುತ್ತಿದೆ, ಅಷ್ಟೆ. ಕೋಡ್ ಯಾವಾಗಲೂ ಬ್ರೇಕ್ ಆಗುತ್ತದೆ, ಡೆಡ್‌ಲೈನ್ ಮಿಸ್ ಆಗುತ್ತದೆ, ಮೇಲಿನವರ ಮಾತಿನಲ್ಲಿ ಲೇಆಫ್ ಕೂಡ ಮಳೆಯ ಹಾಗೆ ತಾನಾಗಿ ಆಗುತ್ತದೆ. ಅಪ್ರೈಸಲ್ ತಿಂಗಳು ಬಂತೆಂದರೆ ‘ಮಾಡು’ ಧಾತು ರಜೆ ಮುಗಿಸಿ ಹಾಜರಾಗುತ್ತದೆ. ಒಂದೇ ಬಗ್ಗನ್ನು ಐವರು ಫಿಕ್ಸ್ ಮಾಡಿರುತ್ತಾರೆ, ಮ್ಯಾನೇಜರ್ ಆರನೆಯವರು.

ಸೂತ್ರದ ವ್ಯಾಪ್ತಿ ಆಫೀಸಿನ ಕಾಂಪೌಂಡಿಗೆ ಮುಗಿಯುವುದಿಲ್ಲ. ಊರಿನ ಕೆರೆಯನ್ನೇ ನೋಡಿ. ಸುಮಾರು 900 ಎಕರೆ, ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಅದು ಪೊಲ್ಯೂಟ್ ಆಯ್ತು. ನೀರು ಹರಿಯುವ ರಾಜಕಾಲುವೆಗಳು ಎನ್‌ಕ್ರೋಚ್ ಆದವು. 2015ರಲ್ಲಿ ನೊರೆ ಉಕ್ಕಿ ರಸ್ತೆಗೆ ಹಾರಿ ಬಂತು. 2022ರ ಸೆಪ್ಟೆಂಬರಿನಲ್ಲಿ ಇಕೋಸ್ಪೇಸ್ ಟೆಕ್ ಪಾರ್ಕ್ ಫ್ಲಡ್ ಆಯ್ತು, ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಈ ವಾಕ್ಯಗಳಲ್ಲಿ ಕರ್ತೃಪದಕ್ಕಾಗಿ ಹುಡುಕಿದರೆ ಸಿಗುವುದು ಟ್ರ್ಯಾಕ್ಟರ್ ಹತ್ತಿದವರು ಮಾತ್ರ.

2018ರ ಜನವರಿ 19ರಂದು ಕೆರೆಗೆ ಬೆಂಕಿ ಬಿತ್ತು. ‘ಹೊತ್ತಿಕೊಂಡಿತು’ ಎಂದವು ಪತ್ರಿಕೆಗಳು. ಈ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ‘ಆಗು’ವಿಗಿಂತ ಒಂದು ಕೈ ಮೇಲು, ಕೆರೆ ತಾನೇ ಕಡ್ಡಿ ಗೀರಿ ತನಗೇ ಹಚ್ಚಿಕೊಂಡಂತೆ ಕೇಳುತ್ತದೆ. ಸೈನಿಕರು ಬಂದು ನಂದಿಸಿದರು. ಇಡೀ ಪ್ರಕರಣದಲ್ಲಿ ಯಾರೂ ಅಡಗಿಸದೆ ಬಿಟ್ಟ ಕರ್ತೃಪದ ಅವರದು. ಉಳಿದ ಕರ್ತೃಗಳನ್ನು ಹುಡುಕಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ವ್ಯಾಕರಣಕ್ಕೆ ಇಳಿಯಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ಯಾರು ವಿಧಿಸಿದರು, ಯಾರಿಗೆ, ಎಷ್ಟು ಎಂಬುದೆಲ್ಲ ಒಂದೇ ವಾಕ್ಯದಲ್ಲಿ ಸ್ಪಷ್ಟವಾಗಿತ್ತು. ಅದು ಕ್ಯಾಬುಗಳ ಸಾಲು ದಾಟಿ ಬೆಳ್ಳಂದೂರು ಮುಟ್ಟುವಷ್ಟರಲ್ಲಿ “ಯಾವ್ದೋ ಫೈನ್ ಇಂಪೋಸ್ಡಾಯ್ತಂತೆ ಕಣಪ್ಪ” ಎಂದಾಗಿತ್ತು.