ಅಳಿಯನ ಬೆನ್ನುಚೀಲ, ಅಕ್ಕನ ವೈರ್ ಬ್ಯಾಗು

ಭಾರತದವರು ವೀಸಾ ಇಲ್ಲದೆಯೂ ಬರಬಹುದು ಎಂದು ಥಾಯ್ಲೆಂಡಿನವರು 2023ರ ನವೆಂಬರಿನಲ್ಲಿ ಬಾಗಿಲು ತೆಗೆದರು ನೋಡಿ, ಅಲ್ಲಿಂದಾಚೆ ದಾವಣಗೆರೆ ಹುಡುಗರಿಗೆ ಬ್ಯಾಂಕಾಕ್ ರಾಣೆಬೆನ್ನೂರಿಗಿಂತ ಹತ್ತಿರವಾಗಿದೆ. ಯಾರ ಮನೆಗೆ ಹೋದರೂ ಹೋಗಿಬಂದವನೊಬ್ಬ, ಹೊರಟು ನಿಂತವನೊಬ್ಬ. ಹೋಗಿಬಂದವನು ಅಲ್ಲಿ ಏನು ನೋಡಿದೆ ಅಂತ ಹೇಳುವುದಿಲ್ಲ. ಎಷ್ಟು ಕಡಿಮೆ ದುಡ್ಡಲ್ಲಿ ಮುಗಿಸಿದೆ ಅಂತ ಹೇಳುತ್ತಾನೆ.

ನಮ್ಮಕ್ಕನ ಮಗನೂ ಹೋಗಿಬಂದ. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ, ಸಂಬಳ ಕೇಳಿದರೆ ನಮ್ಮ ಎದೆ ಧಸಕ್ಕೆನ್ನುತ್ತದೆ. ಇಂಥವನು ಬ್ಯಾಂಕಾಕಿನಲ್ಲಿ ಮಲಗಿದ್ದು ಡಾರ್ಮಿಟರಿಯ ಮೇಲಿನ ಬರ್ತಿನಲ್ಲಿ. ಕೆಳಗಿನ ಬರ್ತಿನಲ್ಲಿ ಜರ್ಮನಿಯವನೊಬ್ಬ, ರಾತ್ರಿಯೆಲ್ಲ ಗೊರಕೆ. "ಅದೊಂಥರಾ ಎಕ್ಸ್‌ಪೀರಿಯೆನ್ಸು ಮಾವ" ಅಂದ. ಲೇ, ಇದೇ ಹುಡುಗನಿಗೆ ಹೋದ ವರ್ಷ ಮದುವೆಯಲ್ಲಿ ಕಲ್ಯಾಣ ಮಂಟಪದ ಹಾಲಿನಲ್ಲಿ ಜಮಖಾನ ಹಾಸಿ ಎಲ್ಲರ ಜೊತೆ ಮಲಗಪ್ಪ ಅಂದರೆ "ಎ.ಸಿ. ರೂಮ್ ಇಲ್ವಾ?" ಅಂದಿದ್ದ. ಅಲ್ಲೂ ಗೊರಕೆ ಇತ್ತಲ್ಲಪ್ಪ. ಅದೂ ಪುಕ್ಕಟೆ, ಅದೂ ಸ್ವಂತ ದೊಡ್ಡಪ್ಪಂದು!

ಇಳಿದುಕೊಂಡಿದ್ದ ಜಾಗ ಖಾವೋಸಾನ್ ರಸ್ತೆಯ ಹಿಂದಿನ ಗಲ್ಲಿ. ಜಗತ್ತಿನ ಬೆನ್ನುಚೀಲದವರೆಲ್ಲ ಬಂದು ಬೀಳುವ ಆ ಬೀದಿ ಒಂದು ಕಾಲಕ್ಕೆ ಬರೀ ಅಕ್ಕಿ ವ್ಯಾಪಾರದ್ದು. 1980ರ ದಶಕದಲ್ಲಿ ಅಗ್ಗದ ಕೋಣೆ ಹುಡುಕಿಕೊಂಡು ಪರದೇಶದ ಹುಡುಗರು ಬಂದರು, ಗೆಸ್ಟ್ ಹೌಸುಗಳೆದ್ದವು, ಅಕ್ಕಿ ಹೋಗಿ ಬಿಯರು ಬಂತು. ಇದನ್ನು ಕೇಳಿದಾಗಿನಿಂದ ನನಗೆ ನಮ್ಮ ಮಂಡಕ್ಕಿ ಭಟ್ಟಿಯ ಮೇಲೊಂದು ಕಣ್ಣು. ಅಲ್ಲೂ ಮೂಲ ಸರಕು ಭತ್ತವೇ. ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಕಾದ ಮರಳಿಗೆ ಸುರಿದರೆ ಅರಳಿ ಮೇಲೆ ಬರುತ್ತದೆ. ಆ ಬೆಂಕಿ, ಆ ಹೊಗೆ, ಬೆವರಿಳಿಸಿಕೊಂಡು ಜರಡಿ ಆಡಿಸುವವರು. ಯಾರಾದರೂ ಒಬ್ಬ ಜರ್ಮನಿಯವನು ಬಂದು ಫೋಟೊ ಹೊಡೆದರೆ ಸಾಕು, ಮರುವರ್ಷ ಅಲ್ಲೊಂದು 'ಭಟ್ಟಿ ವ್ಯೂ ಗೆಸ್ಟ್ ಹೌಸ್' ಎದ್ದೀತು. ಹೊಗೆಗೆ ಬೇರೆ ಚಾರ್ಜು.

ಊಟದ ಮಾತು ಬಂದಾಗ ಅಳಿಯನನ್ನು ತಡೆಯುವುದು ಕಷ್ಟ. ಗಾಡಿಯ ಮುಂದೆ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತು ಪಾಡ್ ಥಾಯ್ ತಿಂದನಂತೆ, ಕಡ್ಡಿಗೆ ಚುಚ್ಚಿದ ಚೇಳನ್ನು ನೋಡಿದನಂತೆ. ತಿನ್ನಲಿಲ್ಲ, ಅವರಮ್ಮನ ಭಯ. "ಬೀದಿ ಊಟ ಅಂದ್ರೆ ಬ್ಯಾಂಕಾಕ್ ಮಾವ" ಎಂದು ಅವನು ಹೇಳುವಾಗ ಎದುರಿಗಿದ್ದದ್ದು ಖಾರ ಮಂಡಕ್ಕಿ, ಕೈಯಲ್ಲಿದ್ದದ್ದು ಮೆಣಸಿನಕಾಯಿ, ಕಣ್ಣಲ್ಲಿದ್ದದ್ದು ನೀರು. ನಾನು ಸುಮ್ಮನೆ ಎಬ್ಬಿಸಿಕೊಂಡು ದೋಸೆ ಹೋಟೆಲಿಗೆ ನಡೆಸಿದೆ. ಕಟ್ಟಿಗೆ ಒಲೆಯ ಮೇಲಿನ ಹಂಚಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಸರಕ್ಕನೆ ಎಳೆದು, ಒಂದೇ ಸಲಕ್ಕೆ ಸಾಲಾಗಿ ದೋಸೆ ಹುಯ್ಯುತ್ತಾನೆ. ಮೇಲೆ ಬೆಣ್ಣೆ ಹಾಕುವ ಕೈ ಅಳತೆ ಮಾಡುವುದಿಲ್ಲ. ಅಂಚು ಗರಿಗರಿ ಕೆಂಪು, ನಡುವೆ ಮೆತ್ತಗೆ, ಪಕ್ಕದಲ್ಲಿ ಅರಿಸಿನ ಕಾಣದ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಬೆಳಗಾವಿ ಕಡೆಯ ಬೀಡ್ಕಿಯಿಂದ 1928ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ನಾಟಕದ ಥಿಯೇಟರಿನ ಹತ್ತಿರ ರಾಗಿ ದೋಸೆ ಹುಯ್ಯಲು ಕೂತದ್ದೇ ಇದಕ್ಕೆಲ್ಲ ಮೂಲ ಅಂತ ಊರು ಹೇಳುತ್ತದೆ. ಬೀದಿ ಊಟದ ಸರ್ಟಿಫಿಕೇಟು ಇದಕ್ಕಿಂತ ಬೇಕೇನು? ಅಳಿಯ ಎರಡನೆಯದಕ್ಕೆ ಹೇಳಿದ. ಬ್ಯಾಂಕಾಕಿನ ಸುದ್ದಿ ಅಲ್ಲಿಗೆ ನಿಂತಿತು.

ಆದರೂ ಅವನು ಅಲ್ಲಿ ಒಂದು ಪುಣ್ಯದ ಕೆಲಸ ಮಾಡಿದ್ದಾನೆ. ಅರಮನೆಗೆ ಪರದೇಶದವರಿಗೆ 500 ಬಾತ್ ಟಿಕೆಟ್ಟು, ಅಂದರೆ ಸಾವಿರ ರೂಪಾಯಿಗೂ ಮೇಲೆ. ಒಳಗೆ ಹೋಗಲು ಮನಸ್ಸು ಬರದೆ ಹತ್ತಿರದ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ನುಗ್ಗಿದ. ಮನೆಯ ವಾಟ್ಸಾಪ್ ಗುಂಪಿಗೆ ಫೋಟೊ ಬಂತು: "ಮಾವ, ಇಲ್ಲಿ ನಮ್ಮ ಹರಿಹರೇಶ್ವರ!" ಸುಖೋಥಾಯ್ ಕಾಲದ ಕಂಚಿನ ಹರಿಹರ ವಿಗ್ರಹ, ನಿಜವೇ. ಆ ಸೀಮೆಯಲ್ಲಿ ಈ ದೇವರ ಓಡಾಟ ದೊಡ್ಡದು. ಪಕ್ಕದ ಕಾಂಬೋಡಿಯಾದಲ್ಲಿ ಒಂಬತ್ತನೆಯ ಶತಮಾನದ ರಾಜಧಾನಿಯ ಹೆಸರೇ ಹರಿಹರಾಲಯ. ಎಲ್ಲ ಸರಿ, ಆದರೆ ಮನೆಯಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರವನ್ನು ಈ ಮಹಾರಾಯ ಹುಬ್ಬಳ್ಳಿ ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಲೇ ದಾಟಿದವನು!

ಬಂದ ಮೇಲೆ ಕರೆದುಕೊಂಡು ಹೋದೆ. 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಮುಂದಿನ ಮಂಟಪದಲ್ಲಿ ಕಡೆದ ಕಂಬಗಳ ಸಾಲು, ನುಣುಪಿಗೆ ಕೈ ತಾನಾಗಿ ಹೋಗುತ್ತದೆ. ಅಂಗಳದಲ್ಲಿ ಆಳೆತ್ತರದ ಶಾಸನಗಳು. ಒಳಗೆ ದೇವರ ಬಲಭಾಗ ಶಿವ, ಎಡಭಾಗ ವಿಷ್ಣು. ಅಳಿಯ ಬಹಳ ಹೊತ್ತು ನೋಡಿ, "ಇದೇ ಕಣ್ ಮಾವ ಶೇರಿಂಗ್ ರೂಮ್" ಅಂದ. ಕಪಾಳಕ್ಕೆ ಕೊಡಬೇಕೆನ್ನಿಸಿದರೂ ನಗು ಬಂತು. ಎಂಟು ನೂರು ವರ್ಷ ಒಂದೇ ಮೈಯಲ್ಲಿ ಇಬ್ಬರು, ಒಬ್ಬರ ಮೇಲೊಬ್ಬರದು ದೂರಿಲ್ಲ.

ಹುರುಪು ಏರಿ ಅಳಿಯ ಒಂದು ಪಣ ತೊಟ್ಟ. ಬ್ಯಾಂಕಾಕಿನ ನಿಯಮದಲ್ಲೇ ದಾವಣಗೆರೆಯನ್ನು ಸುತ್ತುವುದು: ಅಗ್ಗದ ಲಾಡ್ಜು, ಬೀದಿ ಊಟ, ಸಿಟಿ ಬಸ್ಸು, ಮನೆಗೆ ಕಾಲಿಡುವಂತಿಲ್ಲ. ಪಿ.ಬಿ. ರಸ್ತೆಯಲ್ಲಿ ಲಾಡ್ಜು ಹಿಡಿದು ಬೆನ್ನುಚೀಲ ಏರಿಸಿ ಗಡಿಯಾರ ಕಂಬದ ಕಡೆ ಹೊರಟನೋ ಇಲ್ಲವೋ, ಮಂಡಕ್ಕಿ ಅಂಗಡಿಯ ಯಜಮಾನರು ಕೇಳಿದರು, "ನೀನು ಇಂಥವರ ಮೊಮ್ಮಗ ಅಲ್ಲೇನಪ್ಪಾ? ಗಡ್ಡ ಬಿಟ್ಟು ಅಜ್ಜನ ಹಂಗೇ ಕಾಣ್ತೀ." ದುಡ್ಡು ಇಸಕೊಳ್ಳಲಿಲ್ಲ. ಅವನು ರಸ್ತೆ ದಾಟುವಷ್ಟರಲ್ಲಿ ಅಕ್ಕನ ಫೋನು ಬಡಿದುಕೊಂಡಿತು. "ಊರಾಗ ಮನಿ ಇಟ್ಕಂಡು ಲಾಡ್ಜ್‌ನಾಗ ಇಳ್ಕಂಡಾನಂತಲ್ಲವ್ವ, ಏನಾತು?" ಸಂಜೆ ಹೊತ್ತಿಗೆ ಅಪ್ಪ ಮಗನಿಗೆ ಆಸ್ತಿ ಜಗಳ ಅಂತಾಯಿತು. ರಾತ್ರಿ ಊಟದ ಹೊತ್ತಿಗೆ ಹುಡುಗಿಯೊಬ್ಬಳು ಕತೆಗೆ ಸೇರಿದಳು. ಮರುದಿನ ಬೆಳಿಗ್ಗೆ ದೊಡ್ಡಪ್ಪನೇ ಲಾಡ್ಜಿಗೆ ಹೋಗಿ ಚೀಲ ಎತ್ತಿಕೊಂಡು ಬಂದರು.

ಹುಡುಗರು ಬ್ಯಾಂಕಾಕಿಗೆ ಯಾಕೆ ಹೋಗುತ್ತಾರೆ ಎಂಬುದು ನನಗೆ ಆವತ್ತು ಹೊಳೆಯಿತು. ಬುದ್ಧನಿಗಾಗಿಯೂ ಅಲ್ಲ, ಬಿಯರಿಗಾಗಿಯೂ ಅಲ್ಲ (ಸ್ವಲ್ಪ ಬಿಯರಿಗಾಗಿ). ಅಲ್ಲಿ ಯಾರೂ 'ನೀನು ಯಾರ ಮಗ' ಅಂತ ಕೇಳುವುದಿಲ್ಲ. ಆ ಸುಖಕ್ಕೆ ವಿಮಾನದ ಚಾರ್ಜು ಕೊಟ್ಟರೂ ಅಗ್ಗವೇ ಇರಬೇಕು.

ಆದರೆ ಅಗ್ಗದ ಪ್ರವಾಸದಲ್ಲಿ ಅವನನ್ನು ಮೀರಿಸಿದವರು ಮನೆಯಲ್ಲೇ ಇದ್ದಾರೆ, ಅವರಮ್ಮ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ನಮ್ಮಕ್ಕ ಮನೆಯಲ್ಲಿ ನಿಲ್ಲುವುದು ಕಡಿಮೆಯಾಯಿತು. ಒಂದು ವೈರ್ ಬ್ಯಾಗು, ಅದರೊಳಗೆ ಬುತ್ತಿ, ಒಂದು ಸೀರೆ, ಆಧಾರ್ ಕಾರ್ಡು. ಖಾಸಗಿ ಬಸ್ಸು ಎಷ್ಟು ಹಾರನ್ನು ಹೊಡೆದರೂ ಅತ್ತ ತಿರುಗುವುದಿಲ್ಲ, ಸರಕಾರಿ ಬಸ್ಸೇ ಆಗಬೇಕು. ಝೀರೋ ಟಿಕೆಟ್ಟು ಹರಿಸಿಕೊಂಡು ಕೂತರೆ ಪಕ್ಕದವರಿಗೆ ಮೊದಲ ಪ್ರಶ್ನೆ, "ನಿಮ್ದು ಯಾವೂರವ್ವ?" ಬಾತಿ ಬರುವ ಹೊತ್ತಿಗೆ ಬೀಗರ ಕಡೆಯ ಸಂಬಂಧ ಸಿಕ್ಕಿರುತ್ತದೆ, ಹರಿಹರದಲ್ಲಿ ಇಳಿಯುವಾಗ ಊಟಕ್ಕೆ ಕರೆ ಬಂದಿರುತ್ತದೆ. ಹೊಳೆಯಲ್ಲಿ ಮುಳುಗು ಹಾಕಿ, ಗುಡಿಗೆ ಹೋಗಿ, ರಾಜನಹಳ್ಳಿಯ ವಾಲ್ಮೀಕಿ ಪೀಠದ ಜಾತ್ರೆ ಇದ್ದರೆ ಅದನ್ನೂ ಮುಗಿಸಿ, ಅಲ್ಲಿನ ದಾಸೋಹದಲ್ಲಿ ಉಂಡು, ಕಟ್ಟಿದ ಬುತ್ತಿಯನ್ನು ಹಾಗೇ ವಾಪಸ್ ತರುತ್ತಾಳೆ. ಧರ್ಮಸ್ಥಳಕ್ಕೂ ಹೀಗೇ. ಅಳಿಯನ ಲೆಕ್ಕ ಯಾರೂ ಗುರುತು ಹಿಡಿಯದ ಕಡೆ ಕೂಡುತ್ತದೆ, ಅಕ್ಕನದು ಎಲ್ಲರೂ ಗುರುತು ಹಿಡಿಯುವ ಕಡೆ.

ಮೊನ್ನೆ ಅವನು ಖರ್ಚಿನ ಪಟ್ಟಿ ತೋರಿಸುತ್ತಿದ್ದಾಗ ಅಕ್ಕನಿಗೂ ಆಸೆ ಹುಟ್ಟಿತು.

"ಅಲ್ಲಿ ಆಧಾರ್ ನಡಿಯಂಗಿಲ್ಲೇನು?"

"ಇಲ್ಲಮ್ಮ."

"ನಮ್ಮೋರು ಯಾರಾದ್ರೂ ಅದಾರೇನು?"

"ಬ್ಯಾಂಕಾಕಲ್ಲಿ ಯಾರಿರ್ತಾರಮ್ಮ!"

ಅಕ್ಕ ಸ್ವಲ್ಪ ಹೊತ್ತು ಯೋಚಿಸಿದಳು. ಹೊನ್ನಾಳಿ ಬೀಗರ ನಾದಿನಿಯ ಮಗಳನ್ನು ಕೊಟ್ಟದ್ದು ಸಿಂಗಾಪುರದ ಹುಡುಗನಿಗೆ. ಅಲ್ಲಿಂದ ಎಷ್ಟು ದೂರ ಅಂದಳು. ಅಳಿಯ ಮೊಬೈಲ್ ನೋಡಿ, ದೂರ ಐತಿ, ಆದರೆ ಮಲೇಷ್ಯಾ ಮೇಲೆ ರೈಲು ಬದಲಿಸಿಕೊಂಡು ಹೋಗಬಹುದು ಅಂದ.

"ಹಂಗಾದ್ರೆ ಎರಡು ದಿನಕ್ಕಾಗೋವಷ್ಟು ಖಡಕ್ ರೊಟ್ಟಿ ಬಡಿತೀನಿ" ಅಂದಳು ಅಕ್ಕ. "ಆಮೇಲಿಂದು ಅವರ ಮನ್ಯಾಗೆ."